ಮೊಣಕೈ ನೋವಿನ ಬಗ್ಗೆ ಚಿಕ್ಕಮ್ಮನ ಉದ್ದನೆಯ ಉತ್ತರ

ಪುಟ್ಟು, ಭಾನುವಾರ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಸಂದೇಶವನ್ನೂ ಅದರ ಕೆಳಗೆ ಮನೆಯವರೆಲ್ಲ ಕೊಟ್ಟ ಸಲಹೆಗಳನ್ನೂ ಇವತ್ತು ಕ್ಲಿನಿಕ್ಕಿನಿಂದ ಬಂದ ಮೇಲೆ ನಿಧಾನವಾಗಿ ಓದಿದೆ. ಬಲ ಮೊಣಕೈಯ ಹಿಂಭಾಗದಲ್ಲಿ ನಾಲ್ಕು ತಿಂಗಳಿನಿಂದ ನೋವಿದೆ, ಜಿಮ್ಮಿನಲ್ಲಿ ಟ್ರೈಸೆಪ್ಸ್, ಅಂದರೆ ತೋಳಿನ ಹಿಂಭಾಗದ ಸ್ನಾಯುವಿನ ವ್ಯಾಯಾಮ ಮಾಡುವಾಗ ಚುಚ್ಚುತ್ತದೆ, ಎರಡು ವಾರ ಬಿಟ್ಟರೆ ಹೋಗುತ್ತದೆ, ಮತ್ತೆ ಶುರು ಮಾಡಿದ ಮೂರನೆಯ ದಿನಕ್ಕೆ ಮರಳಿ ಬರುತ್ತದೆ ಎಂದು ಬರೆದಿದ್ದೀಯ. ಅಕ್ಕ ಜಿಮ್ಮನ್ನೇ ಬಿಟ್ಟುಬಿಡು ಎಂದಿದ್ದಾಳೆ, ಅಣ್ಣ ಎಣ್ಣೆ ಹಚ್ಚಿಸಿ ಚೆನ್ನಾಗಿ ತಿಕ್ಕಿಸಿ ಕಟ್ಟು ಹಾಕಿಸು ಎಂದಿದ್ದಾನೆ, ನಿನ್ನ ಜಿಮ್ಮಿನ ಗೆಳೆಯ ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಮುಗಿಯಿತು ಎಂದನಂತೆ. ಇಷ್ಟಕ್ಕೂ ಟೈಪು ಮಾಡಿ ಉತ್ತರ ಕೊಡುವುದು ನನ್ನಿಂದ ಆಗದ ಕೆಲಸವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ಮನೆಯಲ್ಲಿ ಇನ್ನೂ ಮೂವರು ಜಿಮ್ಮಿಗೆ ಹೋಗುವವರಿರುವುದರಿಂದ ಅವರ ಕಿವಿಗೂ ಬೀಳಲಿ ಎಂದು ಗುಂಪಿನಲ್ಲೇ ಹಾಕುತ್ತಿದ್ದೇನೆ.

ಮೊದಲು ನೋವಿನ ಜಾಗದ ವಿಷಯ. ಮೊಣಕೈ ನೋವು ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕೈದು ಬೇರೆ ಬೇರೆ ತೊಂದರೆಗಳು ಅಡಗಿವೆ. ನಿನ್ನೆ ಫೋನಿನಲ್ಲಿ ನಾನು ಹೇಳಿದಂತೆ ನೀನು ಎಡಗೈ ಹೆಬ್ಬೆರಳಿನಿಂದ ಬಲ ಮೊಣಕೈಯ ಸುತ್ತ ಒತ್ತುತ್ತಾ ಹೋದಾಗ, ಹಿಂದಿನ ಚೂಪು ಮೂಳೆಯ ತುದಿಗಿಂತ ಒಂದು ಬೆರಳಿನಷ್ಟು ಮೇಲೆ ‘ಅಯ್ಯೋ, ಇಲ್ಲೇ’ ಎಂದೆ. ಮೇಜಿನ ಮೇಲೆ ಮುಷ್ಟಿ ಊರಿ ಕೆಳಕ್ಕೆ ಒತ್ತು ಎಂದಾಗಲೂ ಅದೇ ಜಾಗದಲ್ಲಿ ಚುಚ್ಚಿತು. ಟ್ರೈಸೆಪ್ಸ್ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ, ಮೂಳೆಗೆ ಅಂಟಿಕೊಳ್ಳುವ ಜಾಗ ಅದು. ನೋವು ಮೊಣಕೈಯ ಹೊರಮಗ್ಗುಲಿನ ಗುಬುಟಿನಲ್ಲಿದ್ದು, ಕೈ ಕುಲುಕಿದಾಗ, ಬಾಟಲಿಯ ಮುಚ್ಚಳ ತಿರುಗಿಸಿದಾಗ ಹೆಚ್ಚಾಗುತ್ತಿದ್ದರೆ ಅದನ್ನು ಟೆನಿಸ್ ಎಲ್ಬೋ ಎನ್ನುತ್ತಿದ್ದೆ. ಸಚಿನ್ ತೆಂಡೂಲ್ಕರ್ 2004ರಲ್ಲಿ ಅದರಿಂದ ಬಳಲಿ 2005ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ, ನಮ್ಮ ಜನ ಮೊಣಕೈಯಲ್ಲಿ ಎಲ್ಲಿ ನೋವು ಬಂದರೂ ಟೆನಿಸ್ ಎಲ್ಬೋ ಎಂದೇ ಹೇಳಿಕೊಂಡು ನನ್ನ ಬಳಿ ಬರುತ್ತಾರೆ. ಒಳಮಗ್ಗುಲಲ್ಲಿ ನೋವಿದ್ದರೆ ಪುಲ್ ಅಪ್, ಬೈಸೆಪ್ಸ್ ಕರ್ಲ್‌ಗಳಲ್ಲಿ ಬಾರನ್ನು ಬಿಗಿಯಾಗಿ ಹಿಡಿಯುವುದರ ಕಡೆಗೆ ನೋಡಬೇಕಾಗುತ್ತದೆ. ಮೂಳೆಯ ತುದಿಯ ಮೇಲೆಯೇ ನೀರು ತುಂಬಿದ ಚೀಲದಂತೆ ಮೆತ್ತನೆಯ ಊತವಿದ್ದರೆ ಅದು ಬರ್ಸಾ ಎಂಬ ಪುಟ್ಟ ಚೀಲದ ತೊಂದರೆ. ಕಿರುಬೆರಳು ಮತ್ತು ಉಂಗುರದ ಬೆರಳು ಜುಮ್ಮೆಂದು ಜೋಮು ಹಿಡಿಯುತ್ತಿದ್ದರೆ, ಮೊಣಕೈ ಬಾಗಿಲಿಗೆ ಬಡಿದಾಗ ಝಲ್ ಎನ್ನುತ್ತದಲ್ಲ, ಆ ನರ ಒತ್ತಿಹೋಗಿರಬಹುದು. ಕುತ್ತಿಗೆಯಿಂದ ಹೊರಟು ನಡುಬೆರಳಿನವರೆಗೆ ಇಳಿಯುವ ನೋವು ಮತ್ತು ಟ್ರೈಸೆಪ್ಸಿನ ನಿಶ್ಶಕ್ತಿ ಎರಡೂ ಇದ್ದರೆ ಮೂಲ ಕುತ್ತಿಗೆಯಲ್ಲಿರುತ್ತದೆ. ಇವು ಯಾವುವೂ ನಿನಗಿಲ್ಲ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಮುಂದಿನ ಮಾತು ಹೇಳುತ್ತಿದ್ದೇನೆ.

‘ನರ ಎಳೆದಿರಬೇಕು’ ಎಂದು ಅಕ್ಕ ಬರೆದಿದ್ದಾಳೆ. ನಮ್ಮಲ್ಲಿ ಚರ್ಮದ ಕೆಳಗೆ ದಾರದಂತೆ ಇರುವುದೆಲ್ಲವೂ ನರವೇ, ಆದರೆ ಟೆಂಡನ್ ಬೇರೆಯೇ ವಸ್ತು. ತೋಳಿನ ಹಿಂದಿನ ಮೂರು ಸ್ನಾಯು ಕಟ್ಟುಗಳು ಕೆಳಗೆ ಬಂದು ಒಂದೇ ಬಿಳಿಯ ಪಟ್ಟಿಯಾಗಿ ಮೊಣಕೈ ಮೂಳೆಗೆ ಸೇರುತ್ತವೆ, ಆ ಮೂರರಲ್ಲಿ ಒಂದು ಭುಜದ ಹಿಂದಿನ ರೆಕ್ಕೆಮೂಳೆಯಿಂದಲೇ ಹೊರಟು ಬರುತ್ತದೆ. ಆದ್ದರಿಂದ ಕೈಯನ್ನು ತಲೆಯ ಮೇಲೆತ್ತಿ ಮೊಣಕೈಯನ್ನು ಪೂರ್ತಿ ಮಡಚಿದಾಗ ಆ ಪಟ್ಟಿ ಎರಡೂ ಕಡೆಯಿಂದ ಎಳೆಯಲ್ಪಟ್ಟು ಮೂಳೆಯ ಮೇಲೆ ಒತ್ತಿಕೊಳ್ಳುತ್ತದೆ. ಸ್ನಾಯುವಿಗೆ ರಕ್ತ ಧಾರಾಳವಾಗಿ ಹರಿಯುತ್ತದೆ, ಅದು ಕೆಲವೇ ವಾರಗಳಲ್ಲಿ ಬಲಿಯುತ್ತದೆ. ಟೆಂಡನ್ನಿಗೆ ರಕ್ತ ಕಡಿಮೆ, ಅದು ಗಟ್ಟಿಯಾಗಲು ತಿಂಗಳುಗಳು ಬೇಕು. (ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಇಂಗಾಲದ ಗುರುತನ್ನು ಹಿಡಿದು ನೋಡಿದಾಗ, ಹಿಮ್ಮಡಿಯ ಟೆಂಡನ್ನಿನ ಒಳತಿರುಳು ಸುಮಾರು ಹದಿನೇಳು ವರ್ಷದ ನಂತರ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ ಎಂದು ಕಂಡುಬಂದಿತು. ಅದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.) ಮಲಗಿಕೊಂಡು ಬಾರನ್ನು ಹಣೆಯ ಕಡೆಗೆ ಇಳಿಸಿ ಎತ್ತುವ ಸ್ಕಲ್ ಕ್ರಷರಿನ ಭಾರವನ್ನು ನೀನು ಐದೇ ವಾರಗಳಲ್ಲಿ 20 ಕಿಲೋದಿಂದ 30ಕ್ಕೆ ಏರಿಸಿದೆ, ಅದರ ಜೊತೆಗೆ ಸೊಂಟಕ್ಕೆ ಭಾರ ಕಟ್ಟಿಕೊಂಡು ವಾರಕ್ಕೆರಡು ದಿನ ಡಿಪ್ಸ್, ಅಂದರೆ ಎರಡು ಕಂಬಿಗಳ ಮೇಲೆ ಕೈಯೂರಿ ಮೈಯನ್ನು ಇಳಿಸಿ ಏರಿಸುವ ವ್ಯಾಯಾಮ, ಸೇರಿಸಿದೆ. ನಿನ್ನ ಸ್ನಾಯು ಆ ಭಾರವನ್ನು ಎತ್ತಿತು, ಟೆಂಡನ್ ಹಿಂದೆ ಉಳಿಯಿತು.

ನಿನ್ನ ತಾತ ಹುಡುಗನಾಗಿದ್ದಾಗ ಮೈಸೂರಿನ ಗರಡಿ ಮನೆಗೆ ಸಾಮು ಮಾಡಲು ಹೋಗುತ್ತಿದ್ದರು. ಉಸ್ತಾದರು ಮೊದಲ ತಿಂಗಳು ಇಪ್ಪತ್ತೈದು ದಂಡಕ್ಕಿಂತ ಒಂದನ್ನೂ ಹೆಚ್ಚಿಗೆ ಹೊಡೆಯಲು ಬಿಡಲಿಲ್ಲವೆಂದೂ, ಕದ್ದು ಹೆಚ್ಚು ಹೊಡೆದವನನ್ನು ಮಟ್ಟಿಯ ಕೆಮ್ಮಣ್ಣು ಅಗೆಯಲು ಕಳಿಸುತ್ತಿದ್ದರೆಂದೂ ಅಪ್ಪ ನಮಗೆ ಎಷ್ಟೋ ಸಲ ಹೇಳಿದ್ದಾರೆ. ಟೆಂಡನ್ ಎಂಬ ಮಾತು ಆ ಉಸ್ತಾದರಿಗೆ ಗೊತ್ತಿತ್ತೋ ಇಲ್ಲವೋ, ಅದಕ್ಕೆ ಎಷ್ಟು ಸಮಯ ಬೇಕೆಂಬುದು ಚೆನ್ನಾಗಿ ಗೊತ್ತಿತ್ತು.

ಈಗ ಅಕ್ಕನ ಮಾತಿಗೆ ಬರುತ್ತೇನೆ. ಅಕ್ಕ, ಜಿಮ್ ಬಿಡಿಸಿದರೆ ನೋವು ಹೋಗುತ್ತದೆ, ನಿಜ, ಆದರೆ ಟೆಂಡನ್ ಮಾತ್ರ ಬಲವಾಗುವುದಿಲ್ಲ. ಕೆಲಸವಿಲ್ಲದ ಟೆಂಡನ್ ಇನ್ನಷ್ಟು ಸೊರಗುತ್ತದೆ, ಮುಂದೆ ಒಂದು ದಿನ ಗ್ಯಾಸ್ ಸಿಲಿಂಡರ್ ಎತ್ತುವಾಗಲೋ ಕೆಟ್ಟು ನಿಂತ ಗಾಡಿ ತಳ್ಳುವಾಗಲೋ ಅದೇ ನೋವು ಏಳುತ್ತದೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಮೊಣಕೈ ನೋವೆಂದು ಬಂದ ಒಬ್ಬ ಬಡಗಿಗೆ ಆರು ವಾರ ಕೈಗೆ ಪೂರ್ಣ ವಿಶ್ರಾಂತಿ ಕೊಡಿ ಎಂದು ಹೇಳಿ ಕಳಿಸಿದೆ. ಅವರು ನನ್ನ ಮಾತನ್ನು ನಂಬಿ, ಕೂಲಿ ಬಿಟ್ಟು, ಆರು ವಾರ ಮನೆಯಲ್ಲಿ ಕುಳಿತರು. ಕೆಲಸಕ್ಕೆ ಮರಳಿದ ಮೊದಲ ದಿನವೇ ನೋವು ಮರಳಿತು. ಸಂಜೆ ಬಂದು ನನ್ನ ಮುಂದೆ ಕೈ ಚಾಚಿ ಕುಳಿತ ಅವರ ಅಂಗೈಯ ಆಣಿ ಮೆತ್ತಗಾಗಿ ಸಿಪ್ಪೆ ಏಳುತ್ತಿತ್ತು. ಅಂದಿನಿಂದ ಯಾರಿಗೂ ಬರೀ ವಿಶ್ರಾಂತಿ ಬರೆದುಕೊಟ್ಟಿಲ್ಲ.

ಇಂಜೆಕ್ಷನ್ ವಿಷಯದಲ್ಲಿ ನಿನ್ನ ಗೆಳೆಯ ಹೇಳಿದ್ದು ಸ್ಟೆರಾಯ್ಡ್ ಇಂಜೆಕ್ಷನ್ ಎಂದು ತಿಳಿಯುತ್ತೇನೆ. ಅದು ನೋವನ್ನು ಬೇಗ ಇಳಿಸುತ್ತದೆ, ಆದ್ದರಿಂದಲೇ ಜನಕ್ಕೆ ಇಷ್ಟ. ಬ್ರಿಸ್ಬೇನಿನಲ್ಲಿ ಟೆನಿಸ್ ಎಲ್ಬೋ ಇದ್ದ 165 ಮಂದಿಯನ್ನು ಒಂದು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಟೆರಾಯ್ಡ್ ಪಡೆದವರಲ್ಲಿ ನೂರಕ್ಕೆ 54 ಮಂದಿಗೆ ನೋವು ಮರಳಿತ್ತು, ಔಷಧವಿಲ್ಲದ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಮಾತ್ರ. ಅದು ಹೊರಮಗ್ಗುಲಿನ ಟೆಂಡನ್, ನಿನ್ನದು ಹಿಂದಿನದು, ಆದರೂ ಟೆಂಡನ್ನಿನ ಬಳಿ ಚುಚ್ಚುವ ಸ್ಟೆರಾಯ್ಡ್ ಅದನ್ನು ದುರ್ಬಲಗೊಳಿಸಬಲ್ಲದು ಎಂಬುದು ಎರಡಕ್ಕೂ ಅನ್ವಯಿಸುತ್ತದೆ. ನಿನ್ನ ವಯಸ್ಸಿನಲ್ಲಿ, ಭಾರ ಎತ್ತುವ ಕೈಗೆ, ನಾನು ಅದನ್ನು ಒಪ್ಪುವುದಿಲ್ಲ.

ಹಾಗಾದರೆ ಮಾಡುವುದೇನು? ಟೆಂಡನ್ನಿಗೆ ಭಾರವೇ ಮದ್ದು, ಆದರೆ ಅಳೆದು ಕೊಡಬೇಕು. 1998ರಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ರೆಡ್‌ಸನ್ ಅವರು ಹಿಮ್ಮಡಿ ಟೆಂಡನ್ನಿನ ಹಳೆಯ ನೋವಿದ್ದ ಹದಿನೈದು ಮಂದಿಗೆ ಹನ್ನೆರಡು ವಾರ ನಿತ್ಯವೂ ಭಾರ ಹಾಕಿ ನಿಧಾನವಾಗಿ ಇಳಿಸುವ ವ್ಯಾಯಾಮ ಕೊಟ್ಟು, ಅವರೆಲ್ಲರೂ ಮತ್ತೆ ಓಡುವಂತೆ ಮಾಡಿದ್ದನ್ನು ಪ್ರಕಟಿಸಿದ ಮೇಲೆ ನಮ್ಮ ವೃತ್ತಿಯ ಯೋಚನೆಯೇ ತಿರುಗಿತು. ಆ ಹನ್ನೆರಡು ವಾರ ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೋ. ಮೂರು ವಾರಕ್ಕೆ ನನಗೆ ಫೋನು ಮಾಡಿ ‘ಚಿಕ್ಕಮ್ಮ, ಇನ್ನೂ ಪೂರ್ತಿ ಹೋಗಿಲ್ಲ’ ಎಂದರೆ ಹೋಗಿರುವುದಿಲ್ಲ ಎಂದೇ ಉತ್ತರ ಕೊಡುತ್ತೇನೆ.

ಮೊದಲ ಒಂದೆರಡು ವಾರ ಸ್ಕಲ್ ಕ್ರಷರ್, ಡಿಪ್ಸ್, ಕೈಯನ್ನು ತಲೆಯ ಹಿಂದೆ ಮಡಚುವ ವ್ಯಾಯಾಮ, ಕೈಗಳನ್ನು ಹತ್ತಿರ ಹಿಡಿದು ಮಾಡುವ ಬೆಂಚ್ ಪ್ರೆಸ್, ಈ ನಾಲ್ಕನ್ನು ಬಿಡು. ಜಿಮ್ಮಿಗೆ ಹೋಗುವುದನ್ನು ಬಿಡಬೇಡ, ಕಾಲು, ಬೆನ್ನು, ಹೊಟ್ಟೆಯ ವ್ಯಾಯಾಮಗಳೆಲ್ಲ ನಡೆಯಲಿ. ಸ್ಕ್ವಾಟ್ ಮಾಡುವಾಗ ಬಾರನ್ನು ಬೆನ್ನಿನ ಮೇಲೆ ಬಹಳ ಕೆಳಗಿಟ್ಟು ಕೈಗಳನ್ನು ಹತ್ತಿರ ಹಿಡಿಯುವ ಅಭ್ಯಾಸವಿದ್ದರೆ ಹಿಡಿತವನ್ನು ಸ್ವಲ್ಪ ಅಗಲ ಮಾಡು, ಏಕೆಂದರೆ ಅಲ್ಲಿ ಮೊಣಕೈಯ ಮೇಲೆ ಬೀಳುವ ಭಾರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇದರ ಜೊತೆಗೆ ದಿನಕ್ಕೆರಡು ಸಲ, ನಿನ್ನೆ ಮಾಡಿಸಿದಂತೆ ಮೇಜಿನ ಮುಂದೆ ಕುಳಿತು, ಮೊಣಕೈಯನ್ನು ಪಕ್ಕೆಗೆ ಒತ್ತಿ ಲಂಬಕೋನಕ್ಕೆ ಮಡಚಿ, ಮುಷ್ಟಿಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿ ಹಿಡಿ. ಮೊದಲು ಮೂವತ್ತು ಸೆಕೆಂಡು, ರೂಢಿಯಾದಂತೆ ನಲವತ್ತೈದು, ಐದು ಸಲ, ನಡುವೆ ಒಂದೆರಡು ನಿಮಿಷ ಬಿಡುವು. ಕೈ ಅಲುಗಬಾರದು, ಉಸಿರು ಕಟ್ಟಬಾರದು. ಕೆಲವರಿಗೆ ಇದರಿಂದ ತಕ್ಷಣವೇ ನೋವು ತಗ್ಗುತ್ತದೆ. ನಿನಗೆ ತಗ್ಗದಿದ್ದರೂ ಗಾಬರಿಯಾಗಬೇಡ, ಟೆಂಡನ್ನಿಗೆ ಕೆಲಸವಂತೂ ಸಿಕ್ಕಿರುತ್ತದೆ.

ಆ ಮೇಲೆ ಕೇಬಲ್ ಯಂತ್ರಕ್ಕೆ ಹಗ್ಗದ ಹಿಡಿ ಹಾಕಿ ಪುಷ್‌ಡೌನ್ ಶುರು ಮಾಡು. ನೇರವಾದ ಕಬ್ಬಿಣದ ಬಾರ್ ಮಣಿಕಟ್ಟನ್ನು ಒಂದೇ ಭಂಗಿಯಲ್ಲಿ ಕಟ್ಟಿಹಾಕುತ್ತದೆ, ಹಗ್ಗದಲ್ಲಿ ಕೈ ತನಗೆ ಬೇಕಾದಂತೆ ತಿರುಗುತ್ತದೆ. ನೀನು ಎತ್ತುತ್ತಿದ್ದ ಭಾರದ ಮೂರನೆಯ ಒಂದು ಭಾಗದಿಂದ ಆರಂಭಿಸು. ಕೆಳಕ್ಕೆ ಒತ್ತಲು ಮೂರು ಸೆಕೆಂಡು, ಮೇಲಕ್ಕೆ ಬಿಡಲು ಮೂರು ಸೆಕೆಂಡು ಎಂದು ಮನಸ್ಸಿನಲ್ಲೇ ಎಣಿಸು. ಮೊದಮೊದಲು ಮುಂಗೈ ಲಂಬಕೋನಕ್ಕಿಂತ ಮೇಲೆ ಬರದಿರಲಿ, ಕೊನೆಯಲ್ಲಿ ಮೊಣಕೈಯನ್ನು ಟಕ್ಕನೆ ನೆಟ್ಟಗೆ ಬಡಿಯಬೇಡ. ಹದಿನೈದರಂತೆ ಮೂರು ಸೆಟ್, ದಿನ ಬಿಟ್ಟು ದಿನ. ಎರಡು ಮೂರು ವಾರಕ್ಕೊಮ್ಮೆ ಎಣಿಕೆಯನ್ನು ಹನ್ನೆರಡಕ್ಕೆ, ಹತ್ತಕ್ಕೆ, ಕೊನೆಗೆ ಎಂಟಕ್ಕೆ ಇಳಿಸುತ್ತಾ ಭಾರವನ್ನು ಏರಿಸುತ್ತಾ ಹೋಗು. ಕೈಯನ್ನು ತಲೆಯ ಮೇಲೆತ್ತಿ ಮಾಡುವ ವ್ಯಾಯಾಮ ಇದೆಲ್ಲ ಸಲೀಸಾದ ಮೇಲೆ ಬರಲಿ, ಡಿಪ್ಸ್ ಎಲ್ಲಕ್ಕಿಂತ ಕೊನೆಗೆ, ಅದೂ ಮೊದಲು ಸೊಂಟಕ್ಕೆ ಭಾರ ಕಟ್ಟದೆ.

ಎಷ್ಟು ನೋವಿದ್ದರೆ ಮಾಡಬಹುದು ಎಂದು ನೀನು ಕೇಳಿದ್ದೀಯ, ಇಡೀ ಸಂದೇಶದಲ್ಲಿ ನನಗೆ ತುಂಬಾ ಹಿಡಿಸಿದ ಪ್ರಶ್ನೆ ಅದು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾರದ ನೋವು ಎಂದಿಟ್ಟುಕೊಂಡರೆ, ವ್ಯಾಯಾಮ ಮಾಡುವಾಗ ಮೂರರವರೆಗೆ ಇರಬಹುದು. ಅದಕ್ಕಿಂತ ಮುಖ್ಯವಾದದ್ದು ಮಾರನೆಯ ಬೆಳಗ್ಗೆ. ಎದ್ದ ಕೂಡಲೇ ಹಾಸಿಗೆಗೆ ಕೈಯೂರಿ ಏಳು. ನಿನ್ನೆ ಬೆಳಗ್ಗೆ ಇದ್ದಷ್ಟೇ ನೋವಿದ್ದರೆ ಭಾರ ಸರಿಯಾಗಿದೆ, ಹೆಚ್ಚಾಗಿದ್ದರೆ ಮುಂದಿನ ಸಲ ಭಾರ ಇಳಿಸು. ಭಾರವೆಷ್ಟು, ಎಣಿಕೆಯೆಷ್ಟು, ಬೆಳಗಿನ ನೋವೆಷ್ಟು, ಈ ಮೂರನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡು. ನೋವಿನ ವಿಷಯದಲ್ಲಿ ನೆನಪು ನಮಗೆ ಮೋಸ ಮಾಡುತ್ತದೆ, ಚೆನ್ನಾಗಿದ್ದ ದಿನ ಎಲ್ಲವೂ ಹೋಯಿತು ಎನ್ನಿಸುತ್ತದೆ, ಕೆಟ್ಟ ದಿನ ಏನೂ ಹೋಗಿಲ್ಲ ಎನ್ನಿಸುತ್ತದೆ.

ಅಣ್ಣ, ಎಣ್ಣೆಯ ಬಗ್ಗೆ ನನಗೇನೂ ತಕರಾರಿಲ್ಲ. ತೋಳಿನ ಮಾಂಸಖಂಡಕ್ಕೆ ಬೆಚ್ಚಗಿನ ಎಣ್ಣೆ ಹಚ್ಚಿ ಹಗುರವಾಗಿ ನೀವಿದರೆ ಹಾಯೆನಿಸುತ್ತದೆ, ಮಾಡಲಿ. ಆದರೆ ಮೊಣಕೈ ಕೀಲಿನ ಮೇಲೆ ಬಲವಾಗಿ ತಿಕ್ಕುವುದು, ಲಟಕ್ಕೆನ್ನಿಸಿ ಎಳೆಯುವುದು, ಬಿಗಿಯಾಗಿ ಕಟ್ಟಿ ವಾರಗಟ್ಟಲೆ ಬಿಡುವುದು ಬೇಡವೇ ಬೇಡ. ಪೆಟ್ಟು ತಿಂದ ಮೊಣಕೈಯನ್ನು ಒರಟಾಗಿ ತಿಕ್ಕಿಸಿದಾಗ ಸ್ನಾಯುವಿನೊಳಗೇ ಮೂಳೆ ಬೆಳೆದು, ಕೈ ಊಟದ ತುತ್ತನ್ನು ಬಾಯಿಗೆ ತರಲಾರದಷ್ಟು ಮರಗಟ್ಟಿಹೋದವರನ್ನು ನಾನು ನೋಡಿದ್ದೇನೆ. ಅದರಲ್ಲಿ ಒಬ್ಬ ಹುಡುಗನಿಗೆ ಒಂಬತ್ತು ವರ್ಷ. ಆ ನೆನಪಿನಿಂದಲೇ ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ, ನೀನು ಬೇಸರ ಮಾಡಿಕೊಳ್ಳಬೇಡ.

ಪುಟ್ಟು, ನೋವಿನ ಮಾತ್ರೆ ನುಂಗಿ ಜಿಮ್ಮಿಗೆ ಹೋಗುವುದನ್ನು ಇವತ್ತಿನಿಂದಲೇ ನಿಲ್ಲಿಸು. ಮಾತ್ರೆ ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಕೊಡುವ ತೊಂದರೆ ಹಾಗಿರಲಿ, ಭಾರ ಹೆಚ್ಚಾಯಿತು ಎಂದು ತಿಳಿಸುವ ಒಂದೇ ಸೂಚನೆಯನ್ನು ಅದು ಅಡಗಿಸಿಬಿಡುತ್ತದೆ. ಜ್ವರಕ್ಕೋ ಮೂತ್ರದ ಸೋಂಕಿಗೋ ಯಾರಾದರೂ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎಂಬ ಮಾತ್ರೆ ಬರೆದರೆ ನನಗೆ ಟೆಂಡನ್ ನೋವಿದೆ ಎಂದು ವೈದ್ಯರಿಗೆ ಮೊದಲೇ ಹೇಳು, ಏಕೆಂದರೆ ಆ ಗುಂಪಿನ ಔಷಧಗಳಿಂದ ಟೆಂಡನ್ ಹರಿಯುವ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಅತ್ಯಂತ ಗಂಭೀರ ಎಚ್ಚರಿಕೆ ಹಾಕಿಸಿದೆ. ಇನ್ನೊಂದು ಮಾತನ್ನು ಎಲ್ಲರ ಮುಂದೆಯೇ ಕೇಳಬೇಕಾಗಿದೆ, ಕ್ಷಮಿಸು. ಮೈ ಬೇಗ ಬರಲೆಂದು ಜಿಮ್ಮಿನಲ್ಲಿ ಯಾರಾದರೂ ನಿನಗೆ ಸ್ಟೆರಾಯ್ಡ್ ಕೊಟ್ಟಿದ್ದರೆ ನನಗೆ ಒಬ್ಬಳಿಗೇ ತಿಳಿಸು, ನಾನು ಬೈಯುವುದಿಲ್ಲ. ಇದು ಮೇಲೆ ಹೇಳಿದ ನೋವಿನ ಇಂಜೆಕ್ಷನ್ನಿನ ಸ್ಟೆರಾಯ್ಡ್ ಅಲ್ಲ, ಬೇರೆ ಜಾತಿಯದು. ಅದು ಸ್ನಾಯುವನ್ನು ಟೆಂಡನ್ನಿನ ಕೈಗೆ ಸಿಗದಷ್ಟು ಬೇಗ ಬೆಳೆಸುತ್ತದೆ, ಟ್ರೈಸೆಪ್ಸ್ ಟೆಂಡನ್ ಹರಿದುಹೋದ ಪ್ರಕರಣಗಳಲ್ಲಿ ಅದರ ಹೆಸರು ಮತ್ತೆ ಮತ್ತೆ ಬರುತ್ತದೆ.

ಭಾರ ಎತ್ತುವಾಗ ಮೊಣಕೈಯ ಹಿಂದೆ ‘ಪಟ್’ ಎಂದು ಸದ್ದಾಗಿ, ಮೂಳೆಯ ಮೇಲ್ಗಡೆ ಗುಳಿ ಬಿದ್ದಂತಾಗಿ, ಕೈಯನ್ನು ತಲೆಯ ಮೇಲೆ ನೆಟ್ಟಗೆ ಚಾಚಲಾಗದಿದ್ದರೆ ಅವತ್ತೇ ಮೂಳೆ ವೈದ್ಯರ ಬಳಿ ಹೋಗು, ಮಾರನೆಯ ದಿನಕ್ಕೆ ಬಿಡಬೇಡ. ಮೊಣಕೈ ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೂ ಹಾಗೆಯೇ. ಗುಂಪಿನ ಹಿರಿಯರಿಗೂ ಒಂದು ಮಾತು, ಮೆಟ್ಟಿಲು ಹತ್ತಿದಾಗ ತೋಳು ನೋಯ್ದು ಎದೆ ಭಾರವಾದರೆ ಅದನ್ನು ಈ ಸಂದೇಶದ ಲೆಕ್ಕಕ್ಕೆ ಸೇರಿಸದೆ ನೇರವಾಗಿ ಆಸ್ಪತ್ರೆಗೆ ಹೋಗಿ.

ಶನಿವಾರ ಸಂಜೆ ಏಳು ಗಂಟೆಗೆ ವಿಡಿಯೋ ಕರೆ ಮಾಡು. ಅರ್ಧ ತೋಳಿನ ಅಂಗಿ ಹಾಕಿಕೊಂಡು ಮೇಜಿನ ಪಕ್ಕದಲ್ಲಿ ಕುಳಿತಿರು, ಬೆಳಕು ಮುಂದಿನಿಂದ ಬೀಳಲಿ, ಪುಸ್ತಕ ಕೈಯಲ್ಲಿರಲಿ. ಅಷ್ಟರೊಳಗೆ ಮೂರು ಬೆಳಗಿನ ನೋವಿನ ಅಂಕಿಗಳಾದರೂ ಅದರಲ್ಲಿ ಬರೆದಿರಬೇಕು.