ಪ್ರಶ್ನೋತ್ತರ: ಪ್ರಬಂಧದ ಥೀಸಿಸ್ ವಾಕ್ಯ ಪೇಲವವಾಗಿದೆ, ಏನು ಮಾಡಲಿ?

ಪದವಿ ವಿದ್ಯಾರ್ಥಿನಿ: ಮೇಡಂ, ಪ್ರಬಂಧದ ಮುಖ್ಯ ವಾದ ಹೇಳುವ ಥೀಸಿಸ್ ವಾಕ್ಯವಾಗಿ ‘ಹೋಮ್‌ವರ್ಕ್‌ನಿಂದ ಅನುಕೂಲವೂ ಇದೆ, ಅನಾನುಕೂಲವೂ ಇದೆ’ ಅಂತ ಬರೆದಿದ್ದೆ. ಪೇಲವ ಅಂತ ವಾಪಸ್ ಬಂತು. ಮೂರು ಪ್ಯಾರಾ ಇವೆ: ಚಿಕ್ಕ ಮಕ್ಕಳ ನಿದ್ದೆ ಕೆಡುತ್ತದೆ, ಹೇಳಿಕೊಡುವವರಿಲ್ಲದ ಮಕ್ಕಳು ಹಿಂದೆ ಬೀಳುತ್ತಾರೆ, ದೊಡ್ಡ ಮಕ್ಕಳಿಗೆ ಅಭ್ಯಾಸವಾಗುತ್ತದೆ.

ಬರವಣಿಗೆ ಅಧ್ಯಾಪಕಿ: ಪ್ಯಾರಾಗಳನ್ನೂ ಹೇಳಿದ್ದು ಒಳ್ಳೆಯದಾಯಿತಮ್ಮ. ನಿನ್ನ ವಾಕ್ಯಕ್ಕೆ ‘ಇಲ್ಲ’ ಅನ್ನುವವರು ಯಾರಾದರೂ ಸಿಗುತ್ತಾರಾ? ಸಿಗಲ್ಲ. ಹಾಗಾದರೆ ವಾದಕ್ಕೇನು ಕೆಲಸ? ನಿಜವಾದ ವಾದ ಎರಡನೇ ಪ್ಯಾರಾದಲ್ಲಿದೆ. ಮೇಲಕ್ಕೆ ತಾ: ‘ಪ್ರಾಥಮಿಕ ತರಗತಿಗಳಲ್ಲಿ ಹೋಮ್‌ವರ್ಕ್ ನಿಲ್ಲಬೇಕು, ಮನೆಯಲ್ಲಿ ಹೇಳಿಕೊಡುವವರಿರುವ ಮಕ್ಕಳಿಗೂ ಇಲ್ಲದವರಿಗೂ ನಡುವಿನ ಅಂತರವನ್ನು ಅದು ಹೆಚ್ಚಿಸುತ್ತದೆ.’ ಯಾರಿಗೆ, ಏನು, ಯಾಕೆ, ಮೂರೂ ಬಂತು. ಒಪ್ಪದವರು ಜಗಳಕ್ಕೆ ಬರಬಹುದು. ನಿದ್ದೆಯ ಪ್ಯಾರಾ ಇದಕ್ಕೆ ಸೇರಲ್ಲ, ತೆಗೆದುಬಿಡು. ದೊಡ್ಡ ಮಕ್ಕಳದ್ದನ್ನು ಬಿಸಾಡಬೇಡ. ‘ಪ್ರಾಥಮಿಕ’ ಅಂತ ಗೆರೆ ಎಳೆದದ್ದೇಕೆ ಅನ್ನೋದಕ್ಕೆ ಅದೇ ಉತ್ತರ, ಪೂರ್ವಪಕ್ಷಕ್ಕೆ (ಒಪ್ಪದವರ ಆಕ್ಷೇಪ ಎತ್ತಿ ಉತ್ತರಿಸುವ ಭಾಗಕ್ಕೆ) ಇಟ್ಟುಕೋ. ‘ಹೆಚ್ಚಿಸುತ್ತದೆ’ ಅನ್ನಲು ಆಧಾರ ಸಾಲದಿದ್ದರೆ ‘ಹೆಚ್ಚಿಸಬಹುದು’ ಅಂತ ತಗ್ಗಿಸು.

ಸದಸ್ಯರೊಬ್ಬರು: ಫಾರ್ವರ್ಡ್ ಬಂದಿದ್ದು: ‘ಕೆಲವರು ಒಪ್ಪದಿದ್ದರೂ, ಮೂರು ಕಾರಣಗಳಿಂದ ಇದು ಸರಿ.’ ಯಾವ ವಿಷಯಕ್ಕೂ ಹೊಂದುತ್ತೆ!

ಅಧ್ಯಾಪಕಿ: ಯಾವ ವಿಷಯಕ್ಕೂ ಹೊಂದೋದೇ ಅದರ ರೋಗ. ದಯವಿಟ್ಟು ಹಂಚಬೇಡಿ. ಮೂರು ಬೇಕಲ್ಲ ಅಂತ ಮಕ್ಕಳು ಎರಡು ಗಟ್ಟಿ ಕಾರಣಕ್ಕೆ ಒಂದು ಟೊಳ್ಳು ಸೇರಿಸ್ತಾರೆ. ಮೌಲ್ಯಮಾಪಕರ ಕಣ್ಣು ಅದಕ್ಕೇ ಹೋಗುತ್ತೆ.

ಇನ್ನೊಬ್ಬರು: ಪ್ರಶ್ನೆಯನ್ನೇ ಥೀಸಿಸ್ ಮಾಡಬಹುದಾ?

ಅಧ್ಯಾಪಕಿ: ಇಲ್ಲ. ಅದಕ್ಕೆ ನೀವು ಕೊಡುವ ಉತ್ತರ ಥೀಸಿಸ್.

ಮತ್ತೊಬ್ಬರು: ‘ಹೋಮ್‌ವರ್ಕ್ ಬಗ್ಗೆ ಇಲ್ಲಿ ಚರ್ಚಿಸಲಾಗಿದೆ’ ಸಾಕಾ?

ಅಧ್ಯಾಪಕಿ: ವಿಷಯ ಗೊತ್ತಾಯಿತು. ವಾದ ಎಲ್ಲಿ?

ನಿವೃತ್ತ ತರ್ಕಶಾಸ್ತ್ರ ಮೇಷ್ಟ್ರು: ಥೀಸಿಸ್ ಮೊದಲ ಪ್ಯಾರಾದಲ್ಲೇ ಇರಬೇಕು. ನ್ಯಾಯದರ್ಶನದ ಪಂಚಾವಯವದಲ್ಲೂ, ಅಂದ್ರೆ ನಮ್ಮ ಹಳೆಯ ತರ್ಕಶಾಸ್ತ್ರದ ಐದು ಹಂತದ ವಾದದಲ್ಲೂ, ಪ್ರತಿಜ್ಞೆ (ಸಾಧಿಸಬೇಕಾದ ಮಾತು) ಮೊದಲು, ಹೇತು (ಕಾರಣ) ಆಮೇಲೆ.

ಅಂಕಣಕಾರ: ಅದೇ ಪಂಚಾವಯವದ ಕೊನೆಗೆ ನಿಗಮನ ಇದೆಯಲ್ಲ ಸಾರ್? ನಾನು ವಾದವನ್ನು ಕೊನೆಗೇ ಇಡೋದು.

ಮೇಷ್ಟ್ರು: ನಿಗಮನ ಅಂದ್ರೆ ಪ್ರತಿಜ್ಞೆಯನ್ನು ಸಾಧಿಸಿ ಮತ್ತೆ ಹೇಳೋದು. ಮೊದಲು ಹೇಳದ್ದನ್ನು ಮತ್ತೆ ಹೇಗೆ ಹೇಳ್ತೀರಿ? ಓದಿಕೊಂಡು ಬನ್ನಿ.

ಅಂಕಣಕಾರ: ಓದಿಕೊಂಡೇ ಬಂದಿದ್ದೀನಿ. ಪಾಠ ಬೇರೆ ಕಡೆ ಮಾಡಿ.

ಶಾಲಾ ವಿದ್ಯಾರ್ಥಿ: ‘ನನ್ನ ಅಭಿಪ್ರಾಯದಲ್ಲಿ’ ಅಂತ ಶುರು ಮಾಡಬಹುದಾ ಮೇಡಂ?

ಮೇಷ್ಟ್ರು: ಅಂಕಣಕಾರರೇ, ಅಹಂಕಾರಕ್ಕೆ ಮದ್ದಿಲ್ಲ.

ಅಧ್ಯಾಪಕಿ: ಇಬ್ಬರೂ ನಿಲ್ಲಿಸಿ. ಪರೀಕ್ಷೆಯ ಪ್ರಬಂಧದಲ್ಲಿ ಮೊದಲೇ ಇರಲಿ, ಅಂಕಣದ ಮಾತು ಬೇರೆ.

ಸದಸ್ಯರೊಬ್ಬರು: ಮೇಡಂ, ಪ್ರಶ್ನೆ ರೂಪದಲ್ಲಿ ಥೀಸಿಸ್ ಬರೆದರೆ?

ಅಧ್ಯಾಪಕಿ: ಮೇಲೆ ಹೇಳಾಗಿದೆ.

ಪದವಿ ವಿದ್ಯಾರ್ಥಿನಿ: ನಿದ್ದೆಯದ್ದು ತೆಗೆದರೆ ಎರಡೇ ಪ್ಯಾರಾ ಉಳಿಯುತ್ತೆ ಮೇಡಂ.

ಅಧ್ಯಾಪಕಿ: ಅಂತರದ ಪ್ಯಾರಾವನ್ನು ಒಡೆದು ಎರಡು ಮಾಡು. ಹೇಳಿಕೊಡುವವರಿಲ್ಲದ ಮಗು ಲೆಕ್ಕದ ಯಾವ ಹಂತದಲ್ಲಿ ನಿಂತುಬಿಡುತ್ತೆ ಅನ್ನೋದು ಒಂದು. ಮುಗಿಸದೆ ಬಂದಾಗ ಮರುದಿನ ತರಗತಿಯಲ್ಲಿ ಏನಾಗುತ್ತೆ ಅನ್ನೋದು ಇನ್ನೊಂದು. ಬರೆದು ಹಾಕು, ನೋಡ್ತೀನಿ.