ಸೇವಾಸಂಸ್ಥೆಯ ಕಾರ್ಯನಿರ್ವಾಹಕ ನಿರ್ದೇಶಕರ ಹುದ್ದೆ: ಬ್ಯಾಂಕಿನ ಕೆಲಸ ಬಿಟ್ಟು ಹೋಗಬಹುದೇ?

ಪ್ರಶ್ನೆ (ಡೊಂಬಿವಲಿಯಿಂದ)

ಮಾನ್ಯರೇ, ನಾನು ಮುಂಬಯಿಯ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಹದಿನಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಶನಿವಾರಗಳಂದು ಗೋವಂಡಿಯ ಮಕ್ಕಳಿಗೆ ಗಣಿತ ಹೇಳಿಕೊಡಲು ಆರಂಭಿಸಿ ಆರು ವರ್ಷಗಳಾದವು. ಅಲ್ಲಿನ ಕಲಿಕಾ ಕೇಂದ್ರಗಳನ್ನು ನಡೆಸುವ ಸಂಸ್ಥೆಯ ಸ್ಥಾಪಕರಿಗೆ ಈಗ ಎಪ್ಪತ್ತು ದಾಟಿದ್ದು, ಕಾರ್ಯನಿರ್ವಾಹಕ ನಿರ್ದೇಶಕನಾಗಿ ಬರುವಿರಾ ಎಂದು ಕಳೆದ ತಿಂಗಳು ನನ್ನನ್ನು ಕೇಳಿದರು. ಸಂಬಳ ಈಗಿನದರ ಅರ್ಧಕ್ಕಿಂತ ತುಸು ಹೆಚ್ಚು. ಮನೆಸಾಲದ ಕಂತು ಇನ್ನೂ ಏಳು ವರ್ಷವಿದೆ. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಓದಿ ಬಂದವರ ನಡುವೆ, ಸಮಾಜಕಾರ್ಯದ ಪದವಿಯೇ ಇಲ್ಲದ ನನ್ನ ಮಾತು ನಡೆದೀತೇ ಎಂಬ ಅಳುಕೂ ಇದೆ. ಒಪ್ಪಿಕೊಳ್ಳುವ ಮುನ್ನ ಏನನ್ನು ವಿಚಾರಿಸಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ (ಪುಣೆಯಿಂದ, ನಿರ್ದೇಶಕಿ)

ಪದವಿಯ ಚಿಂತೆ ಬಿಡಿ. ಆರು ವರ್ಷ ಆ ಮಕ್ಕಳ ಜೊತೆ ಕುಳಿತಿದ್ದೀರಿ, ಸಾಲದ ಕಡತ ಓದಿ ಕಣ್ಣು ಪಳಗಿದೆ. ಅಷ್ಟು ಬಂಡವಾಳ ಸಾಕು. ಕಷ್ಟ ಬರುವುದು ಬೇರೆ ಕಡೆಯಿಂದ. ನಿರ್ದೇಶಕರು ಸಂಬಳದ ನೌಕರರು, ಕಾನೂನಿನ ಹೊಣೆ ಟ್ರಸ್ಟಿಗಳದ್ದು. ಸ್ಥಾಪಕರು ಕುರ್ಚಿ ಬಿಟ್ಟುಕೊಟ್ಟರೂ ಟ್ರಸ್ಟಿಯಾಗಿ ಉಳಿದಿರುತ್ತಾರೆ, ಸಿಬ್ಬಂದಿ ರಜೆಯ ಅರ್ಜಿಯನ್ನೂ ರೂಢಿಯಂತೆ ಅವರ ಕೈಗೇ ಕೊಡುತ್ತಾರೆ.

ಒಂಬತ್ತು ವರ್ಷಗಳ ಹಿಂದೆ ನಾನು ಸೇರಿದ ಸಂಸ್ಥೆಯಲ್ಲಿ, ಚೆಕ್ಕಿಗೆ ಜಂಟಿಯಾಗಿ ಸಹಿ ಮಾಡಬೇಕಿದ್ದ ಇಬ್ಬರಲ್ಲಿ ಒಬ್ಬರು ತೀರಿಕೊಂಡರು. ಹೊಸಬರ ಸಹಿ ಸೇರಿಸಲು ಹೋದಾಗ ಬ್ಯಾಂಕಿನವರು, ಟ್ರಸ್ಟುಗಳ ನೋಂದಣಿ ನೋಡಿಕೊಳ್ಳುವ ಚಾರಿಟಿ ಕಮಿಷನರ್ ಕಚೇರಿಯ ಷೆಡ್ಯೂಲ್ ಒನ್, ಅಂದರೆ ಟ್ರಸ್ಟಿಗಳ ಹೆಸರಿರುವ ದಾಖಲೆಯ ಪ್ರತಿಯನ್ನು ಕೇಳಿದರು. ಅದರಲ್ಲಿ ಹನ್ನೊಂದು ವರ್ಷ ಹಿಂದಿನ ಮಂಡಳಿಯ ಹೆಸರುಗಳೇ ಇದ್ದವು. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 22ನೆಯ ಕಲಮಿನ ಪ್ರಕಾರ, ಟ್ರಸ್ಟಿಗಳು ಬದಲಾದ 90 ದಿನಗಳೊಳಗೆ ಆ ಕಚೇರಿಗೆ ಸಲ್ಲಿಸಬೇಕಾದ ಚೇಂಜ್ ರಿಪೋರ್ಟನ್ನು (ಬದಲಾವಣೆಯ ವರದಿ) ಅಷ್ಟು ವರ್ಷ ಯಾರೂ ಸಲ್ಲಿಸಿರಲಿಲ್ಲ. ಖಾತೆಯಲ್ಲಿ ಹಣವಿದ್ದೂ ಹದಿನಾಲ್ಕು ಶಿಕ್ಷಕಿಯರಿಗೆ ಎರಡು ತಿಂಗಳು ಸಂಬಳ ಕೊಡಲಾಗಲಿಲ್ಲ. ಅವರಲ್ಲೊಬ್ಬರು ಮಗನ ಶಾಲಾ ಶುಲ್ಕದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ತರಗತಿಗೆ ಹೋದರು. ಆ ಚೀಟಿ ಇಂದಿಗೂ ನನ್ನ ಕಣ್ಣ ಮುಂದಿದೆ. ಆದುದರಿಂದ ಮೊದಲು ಷೆಡ್ಯೂಲ್ ಒನ್ ತರಿಸಿ ನೋಡಿ; ಯಾವ ಮೊತ್ತದವರೆಗೆ ನೀವೇ ಖರ್ಚು ಮಾಡಬಹುದು, ನೇಮಕಾತಿ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಮಂಡಳಿಯ ಠರಾವಿನಲ್ಲಿ ಬರೆಸಿಕೊಳ್ಳಿ.

ಉತ್ತರ (ಮುಲುಂಡ್‌ನಿಂದ, ಟ್ರಸ್ಟೊಂದರ ಖಜಾಂಚಿ)

ಮೇಲಿನವರ ಮಾತು ಅಕ್ಷರಶಃ ನಿಜ. ನಾನು ಸಂಬಳದ ವಿಷಯವನ್ನಷ್ಟೇ ಸೇರಿಸುತ್ತೇನೆ: ನಿಮ್ಮ ಸಂಬಳ ಯಾವ ಹಣದಿಂದ ಬರುತ್ತದೆ ಎಂದು ಕೇಳಿ. ಕಾನೂನಿನ ಮಿತಿಯೊಳಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ವೆಚ್ಚ ಮಾಡಬೇಕೆಂಬ ನಿಯಮ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೆ ಆ ಹಣ ಸಾಮಾನ್ಯವಾಗಿ ಗೊತ್ತುಪಡಿಸಿದ ಯೋಜನೆಗೆ ಬರುತ್ತದೆ, ಪುಸ್ತಕಕ್ಕೂ ಟ್ಯಾಬಿಗೂ ಸಿಗುವಷ್ಟು ಸಲೀಸಾಗಿ ನಿರ್ದೇಶಕರ ಸಂಬಳಕ್ಕೆ ಸಿಗುವುದಿಲ್ಲ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಶೇ. 50ರಿಂದ 20ಕ್ಕೆ ಇಳಿಸಿತು, ನಿರ್ದೇಶಕರ ಸಂಬಳ ಆ ಮಿತಿಯೊಳಗೇ ಬರುತ್ತದೆ. ಹೀಗಾಗಿ ಷರತ್ತಿಲ್ಲದೆ ಕೊಡುವ ಊರಿನ ದಾನಿಗಳು ಎಷ್ಟು ಜನರಿದ್ದಾರೆ ಎಂಬುದೇ ಮುಖ್ಯ. ಸಾಲ ಕೇಳಿ ಬಂದವರ ಲೆಕ್ಕ ನೋಡುವಷ್ಟೇ ಕಟ್ಟುನಿಟ್ಟಾಗಿ ಮೂರು ವರ್ಷಗಳ ಆಡಿಟ್ ವರದಿ ಓದಿ. ಒಬ್ಬ ದಾನಿ ಕೈಬಿಟ್ಟರೆ ಸಂಸ್ಥೆ ಆರು ತಿಂಗಳು ನಡೆಯುವಂತಿದ್ದರೆ ಧೈರ್ಯವಾಗಿ ಸೇರಬಹುದು. ಇಂಥ ಕೆಲಸಕ್ಕೆ ಲೆಕ್ಕ ಬಲ್ಲವರು ಬರಬೇಕೆಂಬುದು ನನ್ನ ಮನದಾಳದ ಆಸೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಷೆಡ್ಯೂಲ್ ಒನ್ ನೋಡಿದೆ. ಅದರಲ್ಲಿರುವ ಏಳು ಹೆಸರುಗಳಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಸ್ಥಾಪಕರಿಗೆ ತಿಳಿಸಿದಾಗ ಬೇಸರಿಸದೆ, ನಾಳೆಯೇ ವಕೀಲರನ್ನು ಕಾಣೋಣ ಎಂದರು. ಆಡಿಟ್ ವರದಿಗಳನ್ನು ಈ ವಾರ ಕೊಡುತ್ತಾರಂತೆ.

ಉತ್ತರ (ಪುಣೆಯಿಂದ)

ಅವರು ಬೇಸರಿಸದಿರುವುದು ಒಳ್ಳೆಯ ಲಕ್ಷಣ. ಆದರೂ ಚೇಂಜ್ ರಿಪೋರ್ಟ್ ಸಲ್ಲಿಕೆಯಾಗಿ ಅದರ ಸಂಖ್ಯೆ ನಿಮ್ಮ ಕೈಸೇರುವವರೆಗೆ ಬ್ಯಾಂಕಿಗೆ ರಾಜೀನಾಮೆ ಕೊಡಬೇಡಿ. ಅಲ್ಲಿಯವರೆಗೆ ಶನಿವಾರದ ಗಣಿತ ಪಾಠ ಹೇಗೂ ನಡೆದಿರುತ್ತದೆ.