ಅಪ್‌ಡೇಟ್: ತೂಕದ ಯಂತ್ರ ಅಲ್ಲೇ ಇದೆ, ಟೇಪು ಸರಿದಿದೆ

ರಾತ್ರಿಯ ಅನ್ನ ಕಡಿಮೆ ಮಾಡಿ ದಿನವೂ ನಡೆದರೂ ತೂಕ 81 ಕಿಲೋದಿಂದ ಇಳಿಯುತ್ತಿಲ್ಲ, ಬೇರೇನನ್ನು ಅಳೆಯಬೇಕು ಎಂದು ಎರಡೂವರೆ ತಿಂಗಳ ಹಿಂದೆ ಕೇಳಿದ್ದೆ. ಸೊಂಟ ಅಳೆಯಿರಿ ಎಂದು ಹಲವರು ಹೇಳಿದ್ದಿರಿ. ಇಂದು ಬೆಳಿಗ್ಗೆ ತೂಕ 79.8, ಅಂದರೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಆದರೆ ಸೊಂಟದ ಸುತ್ತಳತೆ 99 ಸೆಂಟಿಮೀಟರ್‌ನಿಂದ 94ಕ್ಕೆ ಬಂದಿದೆ. ಭಾರತೀಯ ಗಂಡಸರಿಗೆ ಅದು 90ರೊಳಗಿರಬೇಕೆಂಬುದು ಬಳಕೆಯಲ್ಲಿರುವ ಮಾನದಂಡವಾದ್ದರಿಂದ ಇನ್ನೂ ದಾರಿಯಿದೆ.

ಮೊದಲ ವಾರ ನಾನು ಪ್ಯಾಂಟು ನಿಲ್ಲುವ ಜಾಗದಲ್ಲಿ, ಅಂದರೆ ಹೊಟ್ಟೆಯ ಬುಡದಲ್ಲಿ ಅಳೆದು ಸುಮ್ಮನೆ ಹಿಗ್ಗಿದ್ದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ ಟೇಪಿಟ್ಟು, ಸಹಜವಾಗಿ ಉಸಿರು ಬಿಟ್ಟಾಗ ಓದಬೇಕೆಂದು ತಿಳಿದ ಮೇಲಿನ ಲೆಕ್ಕವೇ ಮೇಲೆ ಹೇಳಿದ 99.

ಗಣಪತಿ ಹಬ್ಬದಲ್ಲಿ ಮೋದಕ ತಿಂದ ಮರುದಿನ ತೂಕ 1.3 ಕಿಲೋ ಏರಿದಾಗ ಮಾತ್ರ ಕಂಗಾಲಾದೆ. ತಿಂದ ಪಿಷ್ಟ, ಸಕ್ಕರೆಯನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ; ಅದರ ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪೂ ನೀರು ನಿಲ್ಲಿಸುತ್ತದೆ. ಹಾಗಾಗಿ ಒಂದೇ ರಾತ್ರಿಯ ಆ ಏರಿಕೆ ಕೊಬ್ಬಿನದಾಗಿರಲಿಲ್ಲ, ನಾಲ್ಕು ದಿನದಲ್ಲಿ ಇಳಿಯಿತು. ಅಂದಿನಿಂದ ದಿನದ ಅಂಕಿ ಬಿಟ್ಟು ವಾರದ ಸರಾಸರಿಯನ್ನಷ್ಟೇ ಬರೆದಿಡುತ್ತಿದ್ದೇನೆ.

ನಾವಿರುವುದು ಪುಣೆಯಲ್ಲಿ, ಪರ್ವತಿ ಗುಡ್ಡದ ಹತ್ತಿರ. ಅದರ 103 ಮೆಟ್ಟಿಲು ಹತ್ತುವಾಗ ಜೂನ್‌ನಲ್ಲಿ ಎರಡು ಕಡೆ ನಿಂತು ಏದುಸಿರು ಬಿಡುತ್ತಿದ್ದವನು ಈಗ ಹೆಂಡತಿಯೊಡನೆ ಮಾತಾಡುತ್ತಲೇ ಮೇಲೆ ತಲುಪುತ್ತೇನೆ. ಬೆಲ್ಟಿನ ಹಳೆಯ ತೂತು ಹಿಗ್ಗಿ ಮೊಟ್ಟೆಯಾಕಾರವಾಗಿದೆ. ಅದರಿಂದ ಎರಡು ಬೆರಳು ಒಳಗೆ, ಮೊನ್ನೆ ಚಮ್ಮಾರರು ಉಳಿಯಿಂದ ಚುಚ್ಚಿಕೊಟ್ಟ ಹೊಸ ತೂತಿನ ಅಂಚು ಇನ್ನೂ ಬೆಳ್ಳಗಿದೆ.